ಒಪ್ಪಿಗೆಗಾಗಿ ಕಾದ ಟಗ್

ನನ್ನ ಮಾವ ಟಗ್, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಪುಟ್ಟ ಹಡಗಿನ ಕ್ಯಾಪ್ಟನ್ ಆಗಿದ್ದರು. ಬಂಡೆಗೆ ಸಿಕ್ಕ, ಮರಳಿನಲ್ಲಿ ಹೂತ ಹಡಗುಗಳನ್ನು ಬಿಡಿಸಿ ಎಳೆದು ತರುವುದು ಅವರ ಕೆಲಸ. ಧಾರವಾಡದಿಂದ ಮದುವೆಯಾಗಿ ವಡಾಲಕ್ಕೆ ಬಂದ ನನಗೆ ಇಂಥದ್ದೊಂದು ನೌಕರಿ ಇದೆಯೆಂದೇ ಗೊತ್ತಿರಲಿಲ್ಲ. ಹಳೆಯ ಕ್ಯಾಪ್ಟನ್‌ಗಳ ಕತೆಗಳನ್ನು ಅವರೇ ಹೇಳುತ್ತಿದ್ದರು. ಮುಳುಗುವ ಹಡಗಿನ ಸುದ್ದಿ ಸಿಕ್ಕರೆ ಬಿರುಗಾಳಿಯಲ್ಲೂ ಎರಡು ಮೂರು ಟಗ್‌ಗಳು ಪೈಪೋಟಿಗೆ ಬಿದ್ದು ಓಡುತ್ತಿದ್ದವಂತೆ. ಹಡಗು ಉಳಿದರೆ ಕೂಲಿ, ಮುಳುಗಿದರೆ ಬರಿಗೈ.

ಹೋದ ಮಳೆಗಾಲ, ದಡಕ್ಕೆ ಬಂದು ಸಿಕ್ಕಿಕೊಂಡ ಬಾರ್ಜ್ ಎಂಬ ಸರಕು ದೋಣಿಯೊಂದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಮಾವ ಊಟದ ತಟ್ಟೆ ಸರಿಸಿದರು.

"ಎಷ್ಟೋ ವರ್ಷದ ಹಿಂದೆ, ಇಂಥದ್ದೇ ಮಳೆ," ಎಂದರು. "ಬಂಡೆ ಮೇಲೆ ಕೂತಿತ್ತು ಒಂದು ಹಡಗು. ನಾನು ಟಗ್ ತಂದು ಪಕ್ಕದಲ್ಲೇ ಇದ್ದೆ. ಅದರ ಕ್ಯಾಪ್ಟನ್ ನಮ್ಮ ಕಾರವಾರದವರೇ. ಎಳೆಯಲಾ ಅಂತ ವೈರ್‌ಲೆಸ್‌ನಲ್ಲಿ ಕೇಳಿದೆ. ಮಾಲೀಕರ ಒಪ್ಪಿಗೆ ಬರಲಿ, ಸ್ವಲ್ಪ ಕಾಯಿರಿ ಅಂದರು. ಹಿಂದೊಮ್ಮೆ ಒಪ್ಪಿಗೆ ಇಲ್ಲದೆ ಎಳೆದು ಕೋರ್ಟು ಅಲೆದಿದ್ದೆ ಮಾರಾಯ್ತಿ. ಅದಕ್ಕೇ ಕಾದೆ."

ಅಷ್ಟರಲ್ಲಿ ಸಮುದ್ರದ ಭರತ ಇಳಿಯಿತು. ನೀರಿನ ಆಸರೆ ತಪ್ಪಿದ ಹಡಗು ನಡುವೆ ಮುರಿಯಿತು. ಅದರಲ್ಲಿ ಕೆಲಸಕ್ಕಿದ್ದ ಖಲಾಸಿಗಳನ್ನೆಲ್ಲ ಮಾವನ ಟಗ್ ಹತ್ತಿಸಿಕೊಂಡಿತು. ಕೊನೆಗೆ ಇಳಿಯಬೇಕಿದ್ದ ಕ್ಯಾಪ್ಟನ್ ಇಳಿಯಲಿಲ್ಲ; ಹಡಗಿನೊಂದಿಗೇ ಮುಳುಗಿದರು.

"ಅವರ ಹೆಂಡತಿ ದಹಿಸರ್‌ನಲ್ಲಿದ್ದಾರೆ," ಎಂದರು ಮಾವ. "ನಾನು ಒಮ್ಮೆಯೂ ಹೋಗಲಿಲ್ಲ."

"ಈಗ ಹೋಗಿ ಬರೋಣ ನಡೀರಿ ಮಾಮಾ," ಎಂದೆ. "ನಾನೂ ಬರ್ತೀನಿ."

ಭಾನುವಾರ ಅಂಧೇರಿಯಲ್ಲಿ ಲೋಕಲ್ ರೈಲು ಬದಲಿಸಿ ಹೋದೆವು. ಆ ಕ್ಯಾಪ್ಟನ್ನರ ತಲೆ ನರೆತ ಮಗ ಬಾಗಿಲು ತೆರೆದರು. ಮಾವ ಯಾರೆಂದು ತಿಳಿದಾಗ ಆ ತಾಯಿ ಚಹಾ ಮಾಡಲು ಎದ್ದವರು ಮತ್ತೆ ಕೂತರು. ಮಾವ ನಡೆದದ್ದೆಲ್ಲ ಹೇಳಿದರು.

"ಒಪ್ಪಿಗೆ ಆಮೇಲೆ ನೋಡುವಾ, ಮೊದಲು ಹಗ್ಗ ಹಿಡಿಯಿರಿ ಅಂತ ನಾನು ಅನ್ನಬಹುದಿತ್ತು. ಅನ್ನಲಿಲ್ಲ."

ಆಕೆ ಸಿಟ್ಟಾಗಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ನೀವು ಅಂದಿದ್ದರೆ ಅವರು ಹಿಡಿಯುತ್ತಿದ್ದರು," ಎಂದರು. ಆಮೇಲೆ ಕೇಳಿದರು, "ಕೊನೆಗೆ ಏನು ಹೇಳಿದರು?"

"ಹುಡುಗರನ್ನು ಮೊದಲು ಇಳಿಸಿಕೊಳ್ಳಿ, ನಾನು ಹಿಂದೆಯೇ ಬರುತ್ತೇನೆ ಅಂತ ವೈರ್‌ಲೆಸ್‌ನಲ್ಲಿ ಅಂದರು."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಇದೊಂದು ಮಾತಿಗೆ ನಾನು ಎಷ್ಟು ಜನರನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನಿಮಗೊಬ್ಬರಿಗೇ ಗೊತ್ತಿತ್ತು. ಇಷ್ಟು ವರ್ಷ ಯಾಕೆ ಬರಲಿಲ್ಲ?"

ಮಾವ ಎದ್ದು ಕೈಮುಗಿದರು.

ಹೇಳಿಬಿಟ್ಟರೆ ಅವರ ಮನಸ್ಸು ಹಗುರಾದೀತು ಎಂದು ನಾನು ಕರೆದುಕೊಂಡು ಹೋಗಿದ್ದೆ. ಬರುವಾಗ ಅವರು ಹೊಸದೊಂದು ಭಾರ ಹೊತ್ತು ಬಂದರು. ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಕೂತರು.

"ಆ ಮಗನನ್ನು ನೋಡಿದೆಯಾ?" ಎಂದು ಕೇಳಿದರು. "ಆಗಲೇ ಅಪ್ಪ ತೀರಿಕೊಂಡ ವಯಸ್ಸಿಗಿಂತ ದೊಡ್ಡವನಾಗಿದ್ದಾನೆ."