ಅಂತಾರಾಷ್ಟ್ರೀಯ ಮೂಲೆಗೆ ನಾನು ಹೋಗಲಿಲ್ಲ

ಹಾಡು ಇನ್ನೇನು ಮುಗಿಯಬೇಕು, ಎಪ್ಪತ್ತು ದಾಟಿದ ಆ ಮುದುಕ ನನ್ನ ಮುಖದ ನೇರಕ್ಕೆ ಕಾಲು ಎತ್ತಿದ. ಬೂಟುಗಾಲು. ಅಡಿಗೆ ಹಸಿ ಮಣ್ಣು ಮೆತ್ತಿತ್ತು. ಎದುರು ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ಮಲಗಿದ ಕೂಸಿಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಎದ್ದು ನಿಂತು ನಮ್ಮೂರು ಮಣ್ಣೂರಿನ ಶುದ್ಧ ಮಾತಿನಲ್ಲಿ ಕೇಳಿಯೇಬಿಟ್ಟೆ: "ಏನ್ರಿ ಅಜ್ಜಾರ, ಕಾಲ್ ತೋರಸ್ತೀರೇನು ನನಗ? ಕರದು ಕೂಡ್ರಿಸಿ ಒದಿಯಾಕತ್ತೀರಿ?"

ಐದೂ ವಾದ್ಯಗಳು ಒಮ್ಮೆಲೇ ನಿಂತವು. ನನ್ನ ಸಿಟ್ಟಿಗೆ ಹೆದರಿದರು ಎಂದು ಒಂದು ಗಳಿಗೆ ಖುಷಿಯಾಯಿತು. ಆಮೇಲೆ ತಿಳಿಯಿತು, ಅವು ನಿಂತದ್ದು ನನ್ನ ಮಾತಿಗಲ್ಲ, ಆ ಕಾಲಿಗೆ. ಈ ಸಂಗೀತದಲ್ಲಿ ಹಾಡು ಹಿಡಿದವರು ಕಾಲು ಎತ್ತಿದರೆ 'ಇದು ಕೊನೆಯ ಸುತ್ತು, ಕೂಡಿ ನಿಲ್ಲಿಸೋಣ' ಎಂದು ಅರ್ಥ. ಎರಡೂ ಕೈಗೆ ಕೆಲಸ ಇರುವವನು ಇನ್ನೇನನ್ನು ಎತ್ತಬೇಕು? ಇಡೀ ವಲಯದಲ್ಲಿ ಕೂಡಿ ನಿಲ್ಲಿಸದವಳು ನಾನೊಬ್ಬಳೇ.

ಇದು ನಡೆದದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ಗುಡ್ಡಗಾಡಿನ ಒಂದು ಸಣ್ಣ ಊರಿನಲ್ಲಿ. ಇಲ್ಲಿನ ಆಸ್ಪತ್ರೆಗೆ ನಾನು ನರ್ಸ್ ಆಗಿ ಬಂದೆ. ಹುಟ್ಟಿದ್ದು ಅಫಜಲಪುರ ತಾಲೂಕಿನ ಮಣ್ಣೂರ, ಭೀಮಾ ಹೊಳೆಯ ದಂಡೆ. ಕಲಬುರಗಿಯಲ್ಲಿ ಕಲಿತೆ, ಬೆಂಗಳೂರಿನಲ್ಲಿ ಏಳು ವರ್ಷ ದುಡಿದೆ, ಪರೀಕ್ಷೆ ಕಟ್ಟಿ ಪಾಸಾಗಿ ಒಬ್ಬಳೇ ವಿಮಾನ ಹತ್ತಿದೆ. ಗಂಡ ಎಲ್ಲಿ ಎಂದು ಕೇಳುವವರಿಗೆ ಒಂದೇ ಉತ್ತರ: ಬಿಟ್ಟೆ. ಯಾಕೆ ಎಂದು ಕೇಳುವವರಿಗೆ ಉತ್ತರ ಇಲ್ಲ.

ಮನೆ ಸಿಕ್ಕಿದ್ದು ಡೋನಾ ಎಂಬ ಹೆಂಗಸಿನ ಮನೆಯ ಕೆಳಗೆ. ಆಕೆ ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ಪಿಟೀಲು ನುಡಿಸುವವಳು. ಕೆಳಗೆ ಎಂದರೆ ನಿಜವಾಗಿಯೂ ಕೆಳಗೆ, ಅರ್ಧ ನೆಲದೊಳಗೆ. ನಮ್ಮಲ್ಲಿ ನೆಲದೊಳಗೆ ಇಡುವುದು ಜೋಳವನ್ನು, ಹಗೇವಿನಲ್ಲಿ. ಇಲ್ಲಿ ಮನುಷ್ಯರನ್ನು ಇಡುತ್ತಾರೆ. ಮನೆ ಇರುವ ಜಾಗಕ್ಕೆ ಇವರು 'ಹಾಲರ್' ಅನ್ನುತ್ತಾರೆ, ಎರಡು ಗುಡ್ಡಗಳ ನಡುವಿನ ಸಂದಿ. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಸೂರ್ಯ ಗುಡ್ಡದ ಹಿಂದೆ ಹೋಗಿಬಿಡುತ್ತಾನೆ. ಹೊಳೆಯ ಬಯಲಿನಲ್ಲಿ ಬೆಳೆದ ನನಗೆ ಆಕಾಶ ಇಷ್ಟು ಸಣ್ಣದಿರಬಹುದು ಎಂದು ಗೊತ್ತೇ ಇರಲಿಲ್ಲ. ಮೊದಲ ಚಳಿಗಾಲದಲ್ಲಿ ಪಾತ್ರೆಗಳ ಜೊತೆ, ಕುಕ್ಕರಿನ ಜೊತೆ ಕನ್ನಡದಲ್ಲಿ ಮಾತಾಡಿದ್ದೇನೆ. ಹೇಳಿಕೊಳ್ಳಲು ನಾಚಿಕೆ ಇಲ್ಲ.

ಊಟದ ಮಾತು ಹೇಳಲೇಬೇಕು. ಇವರಿಗೆ ಜೋಳ ಗೊತ್ತು. ಗೊತ್ತಿದ್ದೂ ರೊಟ್ಟಿ ಮಾಡುವುದಿಲ್ಲ! ಸಿಹಿ ಜಾತಿಯ ಜೋಳದ ದಂಟನ್ನು ಕಬ್ಬಿನಂತೆ ಅರೆದು, ರಸ ಕಾಯಿಸಿ ಕಾಕಂಬಿ ಮಾಡಿ, ಇವರು ಬಿಸ್ಕತ್ತು ಎಂದು ಕರೆಯುವ ಮೆತ್ತನೆಯ ಬನ್ನಿಗೆ ಸುರಿದುಕೊಳ್ಳುತ್ತಾರೆ. ಕಣಿಕಿಯನ್ನು ತಿಂದು ಕಾಳನ್ನು ಬಿಟ್ಟ ಜನರನ್ನು ನಾನು ಮೊದಲ ಸಲ ನೋಡಿದ್ದು. ನಮ್ಮ ಎತ್ತುಗಳಿಗೆ ಹೇಳಿದರೆ ನಗುತ್ತವೆ. ಜೋಳದ ಹಿಟ್ಟು ಮಾತ್ರ ಅಂಗಡಿಯಲ್ಲಿ ರೋಗಿಗಳ ಪಥ್ಯದ ಸಾಲಿನಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುತ್ತದೆ.

ಆ ಹಿಟ್ಟೇ ನನ್ನನ್ನು ಮೇಲಿನ ಮನೆಗೆ ಕರೆದೊಯ್ದಿತು. ಒಂದು ಗುರುವಾರ ಸಂಜೆ ಪದ ಗುನುಗುತ್ತ ರೊಟ್ಟಿ ಬಡಿಯುತ್ತಿದ್ದೆ. ಡೋನಾ ಮೆಟ್ಟಿಲಿಳಿದು ಬಂದಳು. ಈಕೆಯ ಮಾತನ್ನು ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಏಕೆಂದರೆ ಈ ಗುಡ್ಡದವರ ಇಂಗ್ಲಿಷೂ ಪೇಟೆಯ ಇಂಗ್ಲಿಷಲ್ಲ. ಟೀವಿಯಲ್ಲಿ ಇವರನ್ನು 'ಹಿಲ್‌ಬಿಲಿ' ಎಂದು ಹಂಗಿಸುತ್ತಾರೆ, ಗುಡ್ಡದ ಗಮಾರರು ಎಂದು. ಬೆಂಗಳೂರಿನಲ್ಲಿ ನಾನು "ಸೂಜಿ ಮಾಡಾಕತ್ತೇನ್ರಿ" ಎಂದರೆ ಇಡೀ ವಾರ್ಡು ನಗುತ್ತಿತ್ತು. ನಗೆಗೀಡಾದವರ ಮಾತು ನಗೆಗೀಡಾದವರಿಗೆ ಬೇಗ ತಿಳಿಯುತ್ತದೆ.

"ಏನ್ ಬಾರ್ಸಾಕತ್ತಿ ಬೇ ಕೆಳಗ?" ಎಂದಳು.

"ರೊಟ್ಟಿ."

ಆಕೆ ಹಿಟ್ಟನ್ನೂ ನನ್ನ ಕೈಯನ್ನೂ ನೋಡಿ, "ತಾಳ ಬಿಡಂಗಿಲ್ಲಲ್ಲ ನೀ. ಕೈ ತೊಳ್ಕೊಂಡು ಮ್ಯಾಲ ಬಾ," ಎಂದಳು. ಮೇಲೆ ಹೋದೆ. ಹೋದ ಅರ್ಧ ತಾಸಿಗೆ ಆ ಬೂಟುಗಾಲು ಎದ್ದಿತು.

ಕಾಲೆತ್ತಿದವನ ಹೆಸರು ರೇ. ಬ್ಯಾಂಜೊ ಅವನ ವಾದ್ಯ: ಚರ್ಮ ಬಿಗಿದ ನಮ್ಮ ದಮ್ಮಡಿಗೆ ಉದ್ದ ಹಿಡಿ ಕೂಡಿಸಿ ಐದು ತಂತಿ ಬಿಗಿದರೆ ಹೇಗಿರುತ್ತದೋ ಹಾಗೆ. ಐದನೆಯ ಗಿಡ್ಡ ತಂತಿ ಏಕತಾರಿಯಂತೆ ಒಂದೇ ಸ್ವರ ಮಿಡಿಯುತ್ತಿರುತ್ತದೆ. ಬ್ಯಾಂಜೊ, ಪಿಟೀಲು, ಗಿಟಾರು, ಮ್ಯಾಂಡೊಲಿನ್, ಆಳೆತ್ತರದ ಬಾಸ್, ಇವಿಷ್ಟು ಕೂಡಿದರೆ ಬ್ಲೂಗ್ರಾಸ್. ಕರೆಂಟಿನ ವಾದ್ಯ ಒಂದೂ ಇಲ್ಲ. ದನಿ ಮೂಗಿನಿಂದ ಬಂದರೂ ಗಂಟಲು ಹರಿಯುವಷ್ಟು ಮೇಲೆ ಹೋಗುತ್ತದೆ. ಸತ್ತವರು, ಬಿಟ್ಟು ಬಂದ ಮನೆ, ದಾಟಬೇಕಾದ ಹೊಳೆ, ಅರ್ಧ ಹಾಡುಗಳು ಇವೇ. ಮೊದಲ ಸಲ ಕೇಳಿದಾಗ ನನಗೆ ನಮ್ಮ ಕಾಕಾನ ನೆನಪಾಗಿ ಅಳು ಬಂತು. ಜೊತೆಗೆ ಸಿಟ್ಟೂ ಬಂತು.

ಸಿಟ್ಟು ಯಾಕೆಂದರೆ, ನನ್ನ ಚಿಕ್ಕಪ್ಪ ಸಿದ್ದಪ್ಪ ಕಾಕಾ ಮಣ್ಣೂರಿನ ತತ್ವಪದದ ಮೇಳದ ಮುಂದಾಳು. ಜೇವರ್ಗಿ, ಆಳಂದ ಕಡೆಯಿಂದೆಲ್ಲ ಆ ಮೇಳಕ್ಕೆ ಕರೆ ಬರುತ್ತಿತ್ತು. ದಮ್ಮಡಿ ಬಾರಿಸುವವರು ಖಾಸಿಂಸಾಬರು, ತಾಳ ಹಾಕುವವರು ಹೊಲಗೇರಿಯವರು, ಏಕತಾರಿ ಕಾಕಾನದು. ಯಾರ ಜಾತಿಯನ್ನೂ ಕೇಳದ ಮೇಳ. ನೂರಾರು ಪದಗಳನ್ನು ನಾನು ಬಾಗಿಲ ಹಿಂದೆ ಕೂತು ಬಾಯಿಪಾಠ ಮಾಡಿದ್ದೆ. ಹದಿನಾಲ್ಕರ ವಯಸ್ಸಿನಲ್ಲಿ ಒಂದು ಶ್ರಾವಣ ಸೋಮವಾರ, ತಾಳದವರು ಬಾರದಿದ್ದಾಗ, ಹೋಗಿ ಕಾಕಾನ ಎಡಕ್ಕೆ ಕೂತು ತಾಳ ಎತ್ತಿಕೊಂಡೆ. ಕಾಕಾ ಏಕತಾರಿ ಕೆಳಗಿಟ್ಟರು. "ಹೆಣ್ಮಕ್ಕಳು ಮೇಳದಾಗ ಕೂಡಂಗಿಲ್ಲವ್ವ. ಏಳು," ಎಂದರು. ಬೈಯಲಿಲ್ಲ. ಬೈದಿದ್ದರೆ ಮರೆಯಬಹುದಿತ್ತು. ನಾನು ಎದ್ದು ಬಾಗಿಲು ದಾಟುವವರೆಗೂ ಯಾರೂ ಹಾಡಲಿಲ್ಲ.

ಡೋನಾಳ ಪಡಸಾಲೆಯ ನೇಮ ಬೇರೆ. ವಲಯವಾಗಿ ಕೂಡುತ್ತಾರೆ, ಸರದಿ ಸುತ್ತುತ್ತ ಬರುತ್ತದೆ. ಸರದಿ ಬಂದವರು ಯಾವ ಹಾಡು ಎನ್ನುತ್ತಾರೋ ಅದೇ. ಉಳಿದವರು ಬೇಡ ಅನ್ನುವಂತಿಲ್ಲ. ಗೊತ್ತಿಲ್ಲದಿದ್ದರೆ ಮೆಲ್ಲಗೆ ನುಡಿಸುತ್ತ ದಾರಿ ಹುಡುಕಿಕೊಳ್ಳಬೇಕು. ಆರು ತಿಂಗಳು ನನ್ನ ಸರದಿ ಬಂದಾಗಲೆಲ್ಲ "ಮುಂದೆ ಹೋಗಲಿ" ಎಂದೆ. ವಸಂತದಲ್ಲಿ ಒಂದು ಗುರುವಾರ ಮಾತ್ರ ಬಾಯಿ ತೆರೆದೆ. ಕಾಕಾನ ಪದವನ್ನೇ ಹಾಡಿದೆ:

"ಹರಗೋಲ ಹಳೇದಾತು, ಹೊಳಿ ಹೊಸದು ಬಂತು,
ಹುಟ್ಟ ಯಾರ ಕೈಯಾಗ ಕೊಟ್ಟಿ ಅಣ್ಣಾ?"

ಅರ್ಥ ಕೇಳಿದರು, ಹೇಳಿದೆ. ರೇ, "ಇದು ನಮ್ಮದೇ ಹಾಡ ಬೇ," ಎಂದ. "ನಿಮ್ಮದಲ್ಲ, ನಂದು," ಎಂದೆ. ಎಲ್ಲರೂ ನಕ್ಕರು. ಸೆಪ್ಟೆಂಬರಿನಲ್ಲಿ ಊರ ಜನಪದ ಉತ್ಸವ. ಅಲ್ಲಿ ಇವರ ಐದು ಮಂದಿಯ ತಂಡ ದೊಡ್ಡ ವೇದಿಕೆಯಲ್ಲಿ ಒಂದೇ ಮೈಕಿನ ಸುತ್ತ ನಿಂತು ಹಾಡುತ್ತದೆ. ಈ ಸಲ ಒಂದು ಹಾಡಿಗೆ ನನ್ನನ್ನೂ ನಿಲ್ಲಿಸುವುದೆಂದು ಡೋನಾ ಹೆಸರು ಬರೆದು ಕಳಿಸಿದಳು. ನಾನು ನಾಲ್ಕು ತಿಂಗಳು ಆ ಒಂದು ಪದವನ್ನೇ ಹಾಡಿಕೊಂಡೆ. ಆಸ್ಪತ್ರೆಯ ಲಿಫ್ಟಿನಲ್ಲಿ, ಬಟ್ಟೆ ಒಗೆಯುವ ಯಂತ್ರದ ಮುಂದೆ, ಎಲ್ಲೆಂದರಲ್ಲಿ. ಹದಿನಾಲ್ಕರಲ್ಲಿ ಎಬ್ಬಿಸಿ ಕಳಿಸಿದ ಹುಡುಗಿಗೆ ಒಂದು ಜಾಗ ಸಿಗುವುದಿತ್ತು. ಅಷ್ಟೇ ನನಗೆ ಬೇಕಾದದ್ದು.

ಉತ್ಸವಕ್ಕೆ ಎರಡು ವಾರ ಇದ್ದಾಗ ಸಂಘಟಕಿಯ ಫೋನು ಬಂತು. ಆಕೆಯದು ಪೇಟೆಯ ಇಂಗ್ಲಿಷು, ಹಾಗಾಗಿ ಪೇಟೆಯ ಕನ್ನಡದಲ್ಲೇ ಕೊಡುತ್ತೇನೆ. "ನೀವು ಬರ್ತಿರೋದು ನಮಗೆ ತುಂಬಾ ಸಂತೋಷ. ನಿಮಗಾಗಿ ಅಂತಾರಾಷ್ಟ್ರೀಯ ಮೂಲೆ ಇಟ್ಟಿದ್ದೇವೆ, ತಿಂಡಿ ಮಳಿಗೆಗಳ ಪಕ್ಕದಲ್ಲೇ. ಸೀರೆ ಉಟ್ಟು ಬರ್ತೀರಲ್ವಾ? ಸಾಧ್ಯವಾದರೆ ಸ್ವಲ್ಪ ಡಾನ್ಸ್ ಕೂಡ. ಜನಕ್ಕೆ ಸಿನಿಮಾ ಹಾಡು ಇಷ್ಟ ಆಗುತ್ತೆ."

"ನಾನು ಬ್ಲೂಗ್ರಾಸ್ ತಂಡದ ಜೊತೆ ಹಾಡುತ್ತೇನೆ," ಎಂದೆ.

"ಆದರೆ ದೊಡ್ಡ ವೇದಿಕೆ ಈ ಗುಡ್ಡದ ಸಂಗೀತಕ್ಕೆ ಮಾತ್ರ."

"ನಾನು ಇದೇ ಗುಡ್ಡದ ಜನರ ಬಿಪಿ ನೋಡುತ್ತೇನೆ. ನಿಮ್ಮ ಪಿಟೀಲು ಹಡಗಿನಲ್ಲಿ ಬಂದಿತ್ತು, ಬ್ಯಾಂಜೊ ಆಫ್ರಿಕದವರು ತಂದದ್ದು. ಅವುಗಳಿಗೂ ಒಂದು ಮೂಲೆ ಇಟ್ಟಿದ್ದಿರೇನು?"

ಆಕೆ ನಕ್ಕು, ಯೋಚಿಸಿ ತಿಳಿಸಿ ಎಂದು ಫೋನಿಟ್ಟಳು. ನಾನು ಯೋಚಿಸಲಿಲ್ಲ. ಬರುವುದಿಲ್ಲ ಎಂದು ಆವತ್ತೇ ಬರೆದೆ. ಡೋನಾ ಬಾಯಿಗೆ ಬಂದಂತೆ ಬೈದಳು, ಸಂಘಟಕಿಯನ್ನು. ರೇ ಮಾತ್ರ ಬ್ಯಾಂಜೊ ಶ್ರುತಿ ಮಾಡುತ್ತ, "ಅವರ ಉತ್ಸವ, ಅವರ ನೇಮ. ಈ ವರ್ಷ ಮೂಲ್ಯಾಗ ಹಾಡು, ಮುಂದಿನ ವರ್ಷ ನೋಡೋಣು," ಎಂದ. ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಕಾಕಾನ ಮುಖದಲ್ಲೂ ಇರಲಿಲ್ಲ. ಎಲ್ಲ ಅಜ್ಜಂದಿರೂ ಒಂದೇ ಸಾಲಿಯಲ್ಲಿ ಕಲಿತವರು.

ಆದರೂ ಉತ್ಸವಕ್ಕೆ ಹೋದೆ. ಸೀರೆ ಉಡಲಿಲ್ಲ, ಆಸ್ಪತ್ರೆಯ ನೀಲಿ ಅಂಗಿಯಲ್ಲೇ ಹೋದೆ. ಒಂದು ಮಡಚುವ ಕುರ್ಚಿ ಒಯ್ದೆ. ಈ ಜನರ ಒಂದು ಪದ್ಧತಿ ಅಷ್ಟರಲ್ಲಿ ನನಗೆ ತಿಳಿದಿತ್ತು: ವೇದಿಕೆ ಇರುವುದು ಟಿಕೆಟ್ ಕೊಂಡವರಿಗೆ. ನುಡಿಸುವವರು ನಿಜವಾಗಿ ನುಡಿಸುವುದು ಕಾರು ನಿಲ್ಲಿಸುವ ಹುಲ್ಲುಗಾವಲಿನಲ್ಲಿ. ಇದಕ್ಕೆ 'ಪಿಕಿಂಗ್' ಅನ್ನುತ್ತಾರೆ. ಕಾರುಗಳ ನಡುವೆ ಅಲ್ಲಲ್ಲಿ ವಲಯಗಳು, ಯಾರು ಬೇಕಾದರೂ ಕುರ್ಚಿ ಎಳೆದುಕೊಳ್ಳಬಹುದು. ಅಲ್ಲಿ ಸಂಘಟಕರ ಮಾತು ನಡೆಯುವುದಿಲ್ಲ, ಸರದಿಯದೇ ಮಾತು.

ರೇ, ಡೋನಾ ವೇದಿಕೆ ಮುಗಿಸಿ ಅಲ್ಲಿಗೇ ಬಂದರು. ಹದಿನೈದು ಮಂದಿಯ ದೊಡ್ಡ ವಲಯ. ಅರ್ಧದಷ್ಟು ಜನ ನನಗೆ ಹೊಸಬರು. ಸರದಿ ಸುತ್ತುತ್ತ ನನ್ನ ಹತ್ತಿರ ಬಂತು. ನನ್ನ ಕೈಯಲ್ಲಿ ವಾದ್ಯ ಇಲ್ಲದ್ದು ನೋಡಿ ಪಕ್ಕದ ಟೋಪಿಯವನು ಮುಂದಕ್ಕೆ ದಾಟಿಸಲು ಹೋದ. "ತಡೀರಿ," ಎಂದೆ, ಕನ್ನಡದಲ್ಲೇ. "ಈಗ ನನ್ನ ಸರದಿ. ಹಾಡು ನಿಮಗೆ ಗೊತ್ತಿಲ್ಲ. ಹುಡುಕಿಕೊಳ್ಳಿ." ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಟೋಪಿಯವನು ರೇ ಕಡೆ ನೋಡಿದ. ರೇ ನೆಲ ನೋಡಿದ. ನೇಮ ನೇಮವೇ, ಯಾರೂ ಬೇಡ ಅನ್ನುವಂತಿರಲಿಲ್ಲ.

ಹಾಡಿದೆ. ಒಂದು ಸಾಲು ಪೂರ್ತಿ ನಾನೊಬ್ಬಳೇ. ಗಿಟಾರಿನವರು ದಾರಿ ತಪ್ಪಿ ಒದ್ದಾಡಿದರು. ಮ್ಯಾಂಡೊಲಿನ್ ಸುಮ್ಮನಾಯಿತು. ಎರಡನೆಯ ಸಾಲಿಗೆ ರೇ ಉಳಿದ ತಂತಿಗಳನ್ನೆಲ್ಲ ಬಿಟ್ಟು ಆ ಗಿಡ್ಡ ತಂತಿಯೊಂದನ್ನೇ ಮಿಡಿಯತೊಡಗಿದ, ಥೇಟ್ ಏಕತಾರಿ. ಡೋನಾಳ ಪಿಟೀಲು ನನ್ನ ಹಿಂದೆ ಬಂತು. ಮೂರನೆಯ ನುಡಿಯಲ್ಲಿ ಒಂದು ಮಾತು ನುಂಗಿ, ಹೇಗೋ ದಾಟಿಸಿದೆ. ಮುಗಿಸುವ ಹೊತ್ತಿಗೆ ಎಲ್ಲರೂ ನನ್ನ ಕಾಲು ನೋಡುತ್ತಿದ್ದರು. ನಾನು ಕಾಲೆತ್ತಲಿಲ್ಲ. ಹಿರಿಯರ ಮುಖಕ್ಕೆ ಕಾಲೆತ್ತುವುದು ನನ್ನಿಂದ ಆಗದು, ಆಗಬೇಕೆಂದೂ ಇಲ್ಲ. ನಮ್ಮ ಮೇಳದಂತೆ ಬಲಗೈ ಎತ್ತಿದೆ. ಅವರಿಗೆ ತಿಳಿಯದೆ ಇನ್ನೊಂದು ಸುತ್ತು ಹೋದರು. ನಾನೂ ಹಾಡಿದೆ. ಮತ್ತೆ ಕೈ ಎತ್ತಿದೆ, ಮತ್ತೆ ಹೋದರು. ಮೂರನೆಯ ಸಲಕ್ಕೆ ರೇ "ಕೈ ನೋಡ್ರಲೇ!" ಎಂದು ಕೂಗಿದ. ಹದಿನೈದೂ ಜನ ಕೂಡಿ ನಿಲ್ಲಿಸಿದರು.

ಗದ್ದಲ ಕೇಳಿ ಸಂಘಟಕಿ ಬಂದಿದ್ದಳು, ಕೈಯಲ್ಲಿ ಫೋನು, ಕಣ್ಣಲ್ಲಿ ನೀರು. "ಎಷ್ಟು ಚೆನ್ನಾಗಿತ್ತು! ಈಗಲಾದರೂ ನಮ್ಮ ಅಂತಾರಾಷ್ಟ್ರೀಯ ಮೂಲೆಗೆ ಬನ್ನಿ," ಎಂದಳು. ಒಲ್ಲೆ ಎಂದೆ.

ಡೋನಾ ತೆಗೆದ ವಿಡಿಯೊವನ್ನು ಅಫಜಲಪುರದಲ್ಲಿರುವ ತಂಗಿ ಶಾರದಾಳಿಗೆ ಕಳಿಸಿದೆ. ಆಕೆ ಅದನ್ನು ಮಣ್ಣೂರಿಗೆ ಒಯ್ದು ಕಾಕಾನಿಗೆ ತೋರಿಸಿದಳು. ಮರುದಿನ ಅವಳ ಫೋನಿನಿಂದ ಕಾಕಾ ಮಾತಾಡಿದರು. ಎಂಬತ್ತರ ದನಿ, ಏಕತಾರಿಯಷ್ಟೇ ಬಿಗಿ.

"ಮೂರನೇ ನುಡಿ ನುಂಗಿದಿ," ಎಂದರು.

"ಹೌದ್ರಿ ಕಾಕಾ. ಒಂದು ಮಾತು ಹೋತ್ರಿ."

"ಬಿಳೇ ಮಂದಿ ಚಲೋ ಹಿಂದ ಬಂದಾರ. ಆ ಮುದುಕಗ ಕಿವಿ ಅದ." ಆಮೇಲೆ ಅಂದರು: "ಶ್ರಾವಣದಾಗ ಊರಿಗಿ ಬಾರವ್ವ. ಆ ಪದ ಇಲ್ಲಿ ಹಾಡು. ಹೆಣ್ಮಕ್ಕಳು ಕೂಡೋ ಕಡಿ ಒಂದು ಬ್ಯಾರೆ ಮೈಕ್ ಇಡಸ್ತೇನಿ."

ಇಷ್ಟು ಹೇಳಲು ಅವರಿಗೆ ಇಪ್ಪತ್ತೈದು ವರ್ಷ ಹಿಡಿಯಿತು ಎಂಬುದು ನನಗೆ ಗೊತ್ತು. ಅಳು ಬಂತು, ಅತ್ತೆ. ಅಳುತ್ತಲೇ ಹೇಳಿದೆ: "ಬ್ಯಾಡ್ರಿ ಕಾಕಾ. ಇಲ್ಲೂ ನನಗ ಒಂದು ಮೂಲಿ ಕೊಡಾಕ ಬಂದಿದ್ರು. ಒಲ್ಲೆ ಅಂದೇನಿ."

"ಮತ್ತ ಎಲ್ಲಿ ಕೂಡ್ತಿ?"

"ಮೇಳದಾಗ. ನಿಮ್ಮ ಎಡಕ್ಕ."

ಅವರು ಶಾರದಾಳ ಕೈಗೆ ಫೋನು ಕೊಟ್ಟುಬಿಟ್ಟರು.

ಇಲ್ಲಿ ನನಗೆ ಸರದಿ ಇದೆ, ಆದರೆ ನಾನು ನುಂಗಿದ ಮಾತು ಯಾವುದು ಎಂದು ಹಿಡಿಯುವವರು ಒಬ್ಬರೂ ಇಲ್ಲ. ಮಣ್ಣೂರಿನಲ್ಲಿ ಹಿಡಿಯುವವರಿದ್ದಾರೆ, ಕೂಡಲು ಜಾಗ ಇಲ್ಲ. ಯಾವುದನ್ನೂ ನಾನು ಬಿಟ್ಟುಕೊಡುವವಳಲ್ಲ. ಶ್ರಾವಣಕ್ಕೆ ಮೂರು ವಾರ ರಜೆ ಬರೆದುಕೊಟ್ಟಿದ್ದೇನೆ. ಮಣ್ಣೂರ ಮೇಳದವರಲ್ಲಿ ಯಾರಾದರೂ ಇದನ್ನು ಓದಿದರೆ ಕಾಕಾನ ಎಡಕ್ಕೆ ಸ್ವಲ್ಪ ಸರಿದು ಕೂಡ್ರಿ. ಸರಿಯದಿದ್ದರೂ ನಾನು ಅಲ್ಲಿಯೇ ಕೂಡುತ್ತೇನೆ. ಏಕತಾರಿ ಕೆಳಗಿಟ್ಟರೆ ಇಡಲಿ, ಈ ಸಲ ನಾನು ಏಳುವುದಿಲ್ಲ.