ಮಗ್ಗ ನಿಲ್ಲಿಸಿ ಓದುವವರು

ನನ್ನ ಮೊಮ್ಮಗಳು ಬ್ಲಾಗ್ ನಿಲ್ಲಿಸುವುದಿಲ್ಲವಂತೆ! "ಯಾರೂ ಓದಲ್ಲ ಅಜ್ಜಿ" ಎಂದು ಅಳುತ್ತಿದ್ದವಳು ಇವತ್ತು ಕುಣಿದಳು.

ತಮಿಳುನಾಡಿನ ಅನ್ನೂರಿನಲ್ಲಿ ನಮ್ಮ ಪಕ್ಕದ ಮನೆಯ ನೇಕಾರರೊಬ್ಬರು ಮಧ್ಯಾಹ್ನ ಮಗ್ಗ ನಿಲ್ಲಿಸಿ, ಯಾರ‍್ಯಾರದೋ ಬ್ಲಾಗುಗಳನ್ನು ಫೋನಿನಲ್ಲಿ ಹುಡುಕಿ ನಮಗೆಲ್ಲ ಓದಿ ಹೇಳುತ್ತಾರೆ. "ಓದಿದ್ಮೇಲೆ ಒಂದು ಮಾತು ಹೇಳ್ಬೇಕು" ಎನ್ನುತ್ತಾ ಅಲ್ಲೇ ಪ್ರತಿಕ್ರಿಯೆಯನ್ನೂ ಬರೆಯುತ್ತಾರೆ.

ಇವತ್ತು ಯಾರದೆಂದು ಗೊತ್ತಿಲ್ಲದೆ ನನ್ನ ಮೊಮ್ಮಗಳದನ್ನೇ ಓದಿದರು. ನಮ್ಮ ಮನೆಮಾತಾದ ಕನ್ನಡವನ್ನು ತಮಿಳಕ್ಷರದಲ್ಲಿ ಬರೆದು, ನಾನು ಸೀರೆ ನೇಯ್ದು ಗಂಜಿ ಹಾಕುವುದನ್ನು ವರ್ಣಿಸಿದ್ದಳು. ಅದು ಅವಳದೆಂದು ನನಗೆ ಕೂಡಲೇ ಗೊತ್ತಾಯಿತು. ಅವರು ಹಣೆ ಉಜ್ಜಿಕೊಂಡು, ಬರೆದದ್ದು ಯಾವುದೋ ಪುಟ್ಟ ಹುಡುಗಿ ಎಂದು ಊಹಿಸಿ, ಒಂದೇ ಬೆರಳಿನಲ್ಲಿ ಒತ್ತಿ ಬರೆದರು: "ನೂಲಿಗೆ ಗಂಜಿ ಹಾಕೋದು ನೇಯೋಕೆ ಮುಂಚೆ ಅಮ್ಮಿಣಿ, ನೇಯ್ದ ಮೇಲಲ್ಲ. ತಿದ್ದಿ ಬರಿ, ಕಾಯ್ತಾ ಇರ್ತೀವಿ."

ಸಾಯಂಕಾಲ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತಾಗ, ಅವಳು ಬಲಗೈಯಲ್ಲಿ ಉಣ್ಣುತ್ತಾ ಎಡಗೈಯಲ್ಲಿ ಫೋನ್ ಹಿಡಿದು ಬ್ಲಾಗ್ ತಿದ್ದುತ್ತಿದ್ದಳು. ಯಾರೂ ಬೈಯಲಿಲ್ಲ.