ಕುಡಿಯದೆ ಕೆಳಗಿಟ್ಟ ಕಾಫಿ

ಹೋದ ಶನಿವಾರ ಇಲ್ಲಿ ಅಮೆರಿಕಾದ ಕ್ಯಾಂಪ್‌ಬೆಲ್‌ನ ಗ್ರೋಸರಿ ಅಂಗಡಿಯಲ್ಲಿ ಯಾರೋ ಏಲಕ್ಕಿ ಬೆರೆಸಿದ ಕಾಫಿಪುಡಿಯ ಪೊಟ್ಟಣ ಬೀಳಿಸಿ ಒಡೆದಿದ್ದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಸಾಮಾನಿನ ಗಾಡಿ ಅಲ್ಲೇ ಬಿಟ್ಟು ನಿಂತುಬಿಟ್ಟೆ. ಮೈಸೂರಿನ ನಮ್ಮ ಮನೆಯಲ್ಲಿ ಏಲಕ್ಕಿ ಅಂದರೆ ಈದ್ ದಿನದ ಶಾವಿಗೆ ಪಾಯಸ. ನನಗೆ ಮಾತ್ರ ಏಲಕ್ಕಿ ಅಂದರೆ ವಾಲ್ನಟ್ ಕ್ರೀಕಿನ ಒಂದು ಮನೆ, ಹಿಡಿಯಿಲ್ಲದ ಪುಟ್ಟ ಕಪ್ಪು, ಮತ್ತು ಖಾಲಾ...

ಖಾಲಾ ನನಗೆ ನೆಂಟರೇನಲ್ಲ. ಜೋರ್ಡಾನ್‌ನವರು. ಹದಿನಾಲ್ಕು ವರ್ಷದ ಹಿಂದೆ ನಾನು ಅರಬಿ ಓದಲು ಇಲ್ಲಿಗೆ ಬಂದಾಗ, ಆ ಭಾಷೆ ಆಡುವ ಮನೆಯಲ್ಲೇ ಇದ್ದರೆ ಬೇಗ ಬರುತ್ತದೆಂದು ಕಾಲೇಜಿನವರು ಅವರ ಮನೆಗೆ ಕಳಿಸಿದ್ದರು. "ಅರಬಿ ಕಲಿಯೋಕೆ ಅಮೆರಿಕಾಗೆ ಯಾರಾದ್ರೂ ಹೋಗ್ತಾರೇನೇ?" ಎಂದು ಅಮ್ಮ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು. ಚಿಕ್ಕಂದಿನಿಂದ ಅರ್ಥ ಗೊತ್ತಿಲ್ಲದೆ ಓದಿದ ಅಕ್ಷರಗಳವು. ಒಮ್ಮೆಯಾದರೂ ಅರ್ಥವಾಗಲಿ ಎಂಬ ಹಟ ನನ್ನದು. ಚಿಕ್ಕಮ್ಮನಿಗೆ ನಾವು ಮನೆಯಲ್ಲಿ ಅನ್ನುವ ಖಾಲಾ ಎಂಬ ಮಾತು ಅವರಲ್ಲೂ ಇತ್ತು. ಹಾಗಾಗಿ ಮೊದಲ ದಿನ ಬಾಯಿಬಿಟ್ಟು ಧೈರ್ಯವಾಗಿ ಹೇಳಿದ್ದು ಅದೊಂದೇ.

ಆ ದಿನ ಅವರು ಕಾಫಿ ಬಗ್ಗಿಸಿದರು. ಸಕ್ಕರೆಯಿಲ್ಲ, ಹಾಲಿಲ್ಲ, ಕಷಾಯಕ್ಕಿಂತ ಕಹಿ. ಕುಡಿದೆ. ಮತ್ತೆ ಬಗ್ಗಿಸಿದರು. ಮತ್ತೆ ಕುಡಿದೆ. ಅಯ್ಯೋ ದೇವರೇ, ಏಳನೆಯ ಕಪ್ಪಿಗೆ ನನ್ನ ಕಣ್ಣುಗುಡ್ಡೆ ಹೊರಬರುವುದೊಂದು ಬಾಕಿ! ಆಗ ಎಂಟು ವರ್ಷದ ಕಿರಿಮಗಳು ಖಾಲಿ ಕಪ್ಪನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದಳು. ಹಾಗೆ ಅಲ್ಲಾಡಿಸಿದರೆ ಸಾಕು ಅಂತ ಅರ್ಥವಂತೆ. ಎಲ್ಲರೂ ನಕ್ಕರು, ಖಾಲಾ ಸೆರಗಿನಂಥ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕರು.

ಬಾಗಿಲ ಒಳಗೆ ಅರಬಿ ಮಾತ್ರ, ಇದು ಆ ಮನೆಯ ಕಟ್ಟಳೆ. ಪಾಲಿಸುತ್ತಿದ್ದವಳು ನಾನೊಬ್ಬಳೇ. ಇಬ್ಬರು ಹೆಣ್ಣುಮಕ್ಕಳೂ ಅಮ್ಮನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು. ಗಂಡ ಮೊದಲೇ ಮಿತಭಾಷಿ. ಹಾಗಾಗಿ ಖಾಲಾ ತಮ್ಮ ಮಾತನ್ನೆಲ್ಲ ನನ್ನ ಮುಂದೆ ಸುರಿಯುತ್ತಿದ್ದರು. ಬಟ್ಟೆ ಮಡಿಸುತ್ತಾ, ಸೊಪ್ಪು ಹೆಚ್ಚುತ್ತಾ, ಅವರಪ್ಪನ ಊರು, ಕುರಿಗಳು, ಬಾವಿ... ಹತ್ತರಲ್ಲಿ ಒಂದು ನನಗೆ ತಿಳಿಯುತ್ತಿತ್ತು. ಉಳಿದದ್ದಕ್ಕೆ ತಲೆಯಾಡಿಸುತ್ತಿದ್ದೆ.

ನಾನೋ, ಒಂದು ಕಡೆ ಕೂರುವ ಜಾಯಮಾನದವಳಲ್ಲ. ದಿನವೆಲ್ಲ ತಿಳಿಯದ ಭಾಷೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. ಕನ್ನಡ ಮಾತಾಡಬೇಕೆಂದರೆ ಫೋನ್ ಹಿಡಿದು ಹೊರಗೆ ಹೋಗಿ, ರೈಲು ಸ್ಟೇಷನ್ನಿನ ಪಾರ್ಕಿಂಗ್ ಲಾಟನ್ನು ಸುತ್ತುತ್ತಿದ್ದೆ. ಎರಡು ತಿಂಗಳಾಗುವಷ್ಟರಲ್ಲಿ ಕ್ಯಾಂಪ್‌ಬೆಲ್‌ನಲ್ಲಿದ್ದ ಮೈಸೂರಿನ ಗೆಳತಿಯರು, "ನಮ್ ಅಪಾರ್ಟ್‌ಮೆಂಟಲ್ಲಿ ಒಂದ್ ರೂಮು ಖಾಲಿ ಆಗ್ತಿದೆ, ಬಂದ್ಬಿಡೇ" ಅಂದರು. ಅದೇ ವಾರ ಖಾಲಾ ನನ್ನ ಕೋಣೆಯ ಕಿಟಕಿಗೆ ಹಸಿರು ಪರದೆ ಹೊಲಿದು ಹಾಕಿದರು. ಅದನ್ನು ನೋಡಿ ಖುಷಿಯಾಗಬೇಕಿತ್ತು. ನನಗೆ ಉಸಿರು ಕಟ್ಟಿತು.

ಭಾನುವಾರ ಮಧ್ಯಾಹ್ನ ಹೇಳಿಬಿಡುವುದೆಂದು ನಿಶ್ಚಯಿಸಿದೆ. ನಿಘಂಟು ನೋಡಿ ವಾಕ್ಯ ಉರುಹಚ್ಚಿದೆ. ಖಾಲಾ ಕಾಫಿ ಕೊಟ್ಟರು. ಉರುಹಚ್ಚಿದ್ದು ಮರೆಯುವ ಮೊದಲು ಹೇಳಿಬಿಡಬೇಕಿತ್ತು. ತುಂಬಿದ ಕಪ್ಪನ್ನು ಹಾಗೇ ಕೆಳಗಿಟ್ಟೆ.

ಖಾಲಾರ ಗಂಡ ತಟ್ಟನೆ ಟೀವಿ ಆರಿಸಿದರು. ಖಾಲಾ ಬೆನ್ನು ನೆಟ್ಟಗೆ ಮಾಡಿ ಕೂತು, ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದರು: "ಕುಡಿ ಮಗಳೇ. ನೀನು ಕೇಳುವುದು ಆಯಿತು ಅಂದುಕೋ."

ಮುಖ ನೋಡಿಯೇ ತಿಳಿದುಕೊಂಡರಲ್ಲ ಎಂದು ನನಗೆ ಆಶ್ಚರ್ಯ. ಬೇರೆ ಮನೆಗೆ ಹೋಗುತ್ತೇನೆ ಅಂದೆ. "ಆಗಲಿ" ಅಂದರು. ಯಾಕೆ ಅಂತ ಕೇಳಲಿಲ್ಲ. ಹೋಗಬೇಡ ಅನ್ನಲಿಲ್ಲ. ಮರುದಿನ ನನ್ನ ಬಟ್ಟೆಯನ್ನೆಲ್ಲ ತಾವೇ ಮಡಿಸಿ ಪೆಟ್ಟಿಗೆಗೆ ತುಂಬಿದರು. ಹೋಗಬೇಕೆಂದು ಕುಣಿಯುತ್ತಿದ್ದವಳು ನಾನೇ, ಆದರೂ ಸಿಟ್ಟು ಉಕ್ಕಿತು. ಒಂದೇ ಒಂದು ಸಲ ಬೇಡ ಅನ್ನಬಾರದಿತ್ತೇ? ಆ ಸಿಟ್ಟಿಗೆ ಮತ್ತೆ ಅತ್ತ ತಲೆ ಹಾಕಲಿಲ್ಲ. ಅರಬಿ ಕೊನೆಗೂ ಬಂತು. ಈಗ ಎಮರಿವಿಲ್‌ನ ಆಫೀಸಿನಲ್ಲಿ ಅನುವಾದದ ಕೆಲಸ, ಅದೇ ಭಾಷೆ ನನಗೆ ಅನ್ನ ಹಾಕುತ್ತಿದೆ. ಅಲ್ಲಿಂದ ಖಾಲಾ ಮನೆಗೆ ರೈಲಿನಲ್ಲಿ ಅರ್ಧ ಗಂಟೆ ದಾರಿ. ಹೋಗಲಿಲ್ಲ...

ಆ ಶನಿವಾರ ಅಂಗಡಿಯಲ್ಲಿ ಕಾಫಿಪುಡಿ ಬೀಳಿಸಿದವಳು ತಲೆಯೆತ್ತಿ ನನ್ನನ್ನೇ ದಿಟ್ಟಿಸಿದಳು. "ಸೆವೆನ್ ಕಪ್ಸ್!" ಎಂದು ಕಿರುಚಿ ತಬ್ಬಿಕೊಂಡಳು. ಅದೇ ಕಿರಿಮಗಳು! ಅಮ್ಮ ಹೇಗಿದ್ದಾರೆ ಅಂದೆ. ಹೋದ ವರ್ಷ ತೀರಿಕೊಂಡರು ಅಂದಳು. ನನ್ನ ಕೈ ಅವಳ ತೋಳಿನ ಮೇಲೇ ಉಳಿಯಿತು. ಹದಿನಾಲ್ಕು ವರ್ಷದ ಸಿಟ್ಟೇ ಬಾಯಿಗೆ ಬಂತು ನೋಡಿ. ನಿಮ್ಮಮ್ಮ ನನ್ನನ್ನು ಒಂದು ಸಲವೂ ತಡೆಯಲಿಲ್ಲ ಅಂದೆ.

"ಹೇಗೆ ತಡೀತಾರೆ? ಯೂ ಪುಟ್ ದ ಕಪ್ ಡೌನ್," ಅಂದಳು. ಮಿಕ್ಕದ್ದನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ಅವಳ ಅಜ್ಜನ ಊರಿನಲ್ಲಿ ಅತಿಥಿ ಕಾಫಿ ಮುಟ್ಟದೆ ಕೆಳಗಿಟ್ಟರೆ, ಏನೋ ಬೇಡಲು ಬಂದಿದ್ದಾರೆ ಅಂತ ಅರ್ಥ. ಮನೆಯವರು ಕೊಡುತ್ತೇನೆ ಅಂದ ಮೇಲೇ ಅತಿಥಿ ಕುಡಿಯುವುದು. ಒಮ್ಮೆ ಅಂದರೆ ಮಾತು ಹಿಂದಕ್ಕಿಲ್ಲ. "ಅವಳಿಗೆ ಇದೆಲ್ಲ ಗೊತ್ತಿಲ್ಲಮ್ಮಾ ಅಂತ ನಾನು ಹೇಳಿದೆ. ಅಮ್ಮ ಕೇಳಲಿಲ್ಲ. ನೀನು ಹೋದ ಮೇಲೆ ಪರದೆ ಹಿಡ್ಕೊಂಡು ತುಂಬಾ ಅತ್ತರು."

ಏಳು ಕಪ್ಪು ಕುಡಿಸಿ ಒಂದು ಪದ್ಧತಿ ಕಲಿಸಿದ್ದರು. ಇನ್ನೊಂದು ಪದ್ಧತಿ ಕಲಿಯುವಷ್ಟು ದಿನ ನಾನು ಅಲ್ಲಿ ಕೂರಲಿಲ್ಲ.

ಅದೇ ಕಾಫಿಪುಡಿ ಕೊಂಡು ಮನೆಗೆ ತಂದೆ. ಕುದಿಸಿ, ಕಪ್ಪಿಗೆ ಬಗ್ಗಿಸಿ, ಮುಟ್ಟದೆ ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಬೇಡುವುದು ಒಂದಿತ್ತು, ಕ್ಷಮಿಸಿ ಅಂತ. ಈಗ ಅದನ್ನು ಖಾಲಾರ ಭಾಷೆಯಲ್ಲಿ ತಪ್ಪಿಲ್ಲದೆ ಹೇಳಬಲ್ಲೆ. ಹೋಂವರ್ಕ್ ಮಾಡುತ್ತಿದ್ದ ನನ್ನ ಮಗಳು ಎರಡು ಸಲ ತಲೆಯೆತ್ತಿ ನೋಡಿದಳು. "ಅಮ್ಮಾ, ಇಟ್ಸ್ ಗೆಟಿಂಗ್ ಕೋಲ್ಡ್. ಕುಡಿ," ಅಂದಳು.

ಕುಡಿ ಅನ್ನಬೇಕಾದವರು ಅವಳಲ್ಲ. ಕಪ್ಪು ಅಲ್ಲೇ ಆರಿತು.